ಕೇಳಿದ್ದು, ಊಹಿಸಿದ್ದು

ಸುಳ್ಳು ಬರೆಯಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಸರಿಯಾದದ್ದನ್ನು ಬರೆದೂ ಸುಳ್ಳು ಬರೆದಂತಾಗುವುದುಂಟೆ ಎಂಬ ಪ್ರಶ್ನೆ ಮಾತ್ರ ಆ ಮೂವತ್ತು ವರ್ಷಗಳಲ್ಲಿ ನನ್ನನ್ನು ಅಷ್ಟಾಗಿ ಕಾಡಿರಲಿಲ್ಲ. ಕಾಡಿದ್ದು ಈಚೆಗೆ, ಗೆಳೆಯರೊಬ್ಬರ ಮನೆಯ ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ.

ಗೆಳೆಯರ ಹೆಸರು ಬೇಡ, ರಾಯರೆಂದರೆ ಸಾಕು. ಅವರು ಹವ್ಯಾಸಿ ರೇಡಿಯೋದವರು, ರೂಢಿಯ ಮಾತಿನಲ್ಲಿ ಹ್ಯಾಮ್. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತಮ್ಮದೇ ಒಂದು ಕಾಲ್‌ಸೈನ್ ಇಟ್ಟುಕೊಂಡು, ನೀರಿನ ತೊಟ್ಟಿಗೂ ತೆಂಗಿನಮರಕ್ಕೂ ನಡುವೆ ಕಟ್ಟಿದ ತಂತಿಯ ಬಲದಿಂದ ಪ್ರಪಂಚದೊಡನೆ ಮಾತಾಡುವವರು. ಮಾತು ಎಂದೆ, ಅವರಿಗೆ ಪ್ರಿಯವಾದದ್ದು ಬಾಯಿಮಾತಲ್ಲ, ರೇಡಿಯೋ ಟೆಲಿಟೈಪ್. ಹಿಂದೆ ತಂತಿ ಕಚೇರಿಯಲ್ಲೂ ಪತ್ರಿಕಾ ಕಚೇರಿಯಲ್ಲೂ ಟಕಟಕಿಸುತ್ತಿದ್ದ ಟೆಲಿಪ್ರಿಂಟರನ್ನು ತಂತಿ ಬಿಡಿಸಿ ಆಕಾಶಕ್ಕೆ ಹಾರಿಸಿದರೆ ಏನಾಗುತ್ತದೋ ಅದು. ಈಗ ಆ ಕಬ್ಬಿಣದ ಯಂತ್ರವಿಲ್ಲ, ಅದರ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಭಾಷೆ ಮಾತ್ರ ಹಳೆಯದೇ. ಎರಡು ಸ್ವರಗಳು, ಅವುಗಳ ನಡುವೆ ೧೭೦ ಹರ್ಟ್ಸ್ ಅಂತರ. ಒಂದೊಂದು ಅಕ್ಷರಕ್ಕೂ ಐದೈದು ಮಿಡಿತ. ಸೆಕೆಂಡಿಗೆ ಸುಮಾರು ಆರು ಅಕ್ಷರ. ಕಿವಿಗೆ ಅದು ಮಳೆಗಾಲದ ಜೀರುಂಡೆಗೆ ಬಿಕ್ಕಳಿಕೆ ಹತ್ತಿದ ಹಾಗೆ ಕೇಳುತ್ತದೆ. ಬಂದ ಅಕ್ಷರ ಸರಿಯೋ ತಪ್ಪೋ ಎಂದು ತಾನೇ ಪರೀಕ್ಷಿಸಿಕೊಳ್ಳುವ ಏರ್ಪಾಡು ಈ ಭಾಷೆಯಲ್ಲಿಲ್ಲ. ನನ್ನ ಕಥೆಗೆಲ್ಲ ಮೂಲ ಈ ಒಂದು ಕೊರತೆ.

ಇದರಲ್ಲಿ ಸ್ಪರ್ಧೆಗಳುಂಟು. ಫೆಬ್ರವರಿಯ ಎರಡನೆಯ ವಾರಾಂತ್ಯದಲ್ಲಿ ಡಬ್ಲ್ಯು ಪಿ ಎಕ್ಸ್ ಎಂಬುದೊಂದು ನಡೆಯುತ್ತದೆ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಐದೂವರೆಗೆ ಮೊದಲು, ಸೋಮವಾರ ಬೆಳಗಿನ ಐದೂವರೆಗೆ ಮುಕ್ತಾಯ. ಆ ನಲವತ್ತೆಂಟು ಗಂಟೆಯಲ್ಲಿ ಒಬ್ಬೊಂಟಿ ಸ್ಪರ್ಧಿ ಮೂವತ್ತು ಗಂಟೆ ಕುಳಿತುಕೊಳ್ಳಬಹುದು. ಒಬ್ಬರನ್ನೊಬ್ಬರು ಕರೆದು, ಒಂದು ವರದಿಯನ್ನೂ ಒಂದು ಕ್ರಮಸಂಖ್ಯೆಯನ್ನೂ ಕೊಟ್ಟು ಪಡೆದು, ಲಾಗ್ ಎಂಬ ದಿನಚರಿಯಲ್ಲಿ ಬರೆದುಕೊಳ್ಳಬೇಕು. ಮೊದಲನೆಯ ಸಂಪರ್ಕಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ. ಕೊನೆಯಲ್ಲಿ ಎಲ್ಲರ ಲಾಗುಗಳನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತಾರೆ. ನಾನು ಬರೆದದ್ದೂ ನೀವು ಬರೆದದ್ದೂ ಹೊಂದಿದರೆ ಅಂಕ. ಗೆದ್ದವರಿಗೆ ಹಣವಿಲ್ಲ, ಒಂದು ಪ್ರಶಸ್ತಿಪತ್ರ, ಹೆಚ್ಚೆಂದರೆ ಒಂದು ಫಲಕ. ಇಷ್ಟಕ್ಕಾಗಿ ಎರಡು ರಾತ್ರಿ ನಿದ್ದೆ ಕೆಡುವುದೇಕೆಂದು ರಾಯರ ಮನೆಯವರು ಕೇಳಿದ್ದುಂಟು. ಉತ್ತರ ಬಂದದ್ದನ್ನು ನಾನು ಕಂಡಿಲ್ಲ.

ಮೊದಲು ನನಗೆ ವಿಚಿತ್ರವೆನಿಸಿದ್ದು ಆ ವರದಿ. ಎದುರಿನವರ ಸಂಕೇತ ಹೇಗೆ ಬರುತ್ತಿದೆ ಎಂದು ತಿಳಿಸಲು ಹ್ಯಾಮ್‌ಗಳಲ್ಲಿ ಮೂರು ಅಂಕಿಗಳ ಪದ್ಧತಿಯಿದೆ. ಓದಲು ಎಷ್ಟು ಸ್ಪಷ್ಟ ಎಂಬುದಕ್ಕೆ ಐದರವರೆಗೆ, ಬಲಕ್ಕೆ ಒಂಬತ್ತರವರೆಗೆ, ನಾದಶುದ್ಧಿಗೆ ಒಂಬತ್ತರವರೆಗೆ. ಅಂದರೆ ೫೯೯ ಎಂಬುದು ಪೂರ್ಣಾಂಕ. ನಾನು ನೋಡುತ್ತ ಕುಳಿತಿದ್ದ ಹೊತ್ತಿನಲ್ಲಿ ರಾಯರು ನೂರಕ್ಕೆ ಮಿಕ್ಕಿ ಜನಕ್ಕೆ ವರದಿ ಕೊಟ್ಟರು, ಎಲ್ಲರಿಗೂ ೫೯೯! ಎಲ್ಲರೂ ಅವರಿಗೆ ಕೊಟ್ಟದ್ದೂ ೫೯೯. ಒಬ್ಬ ಮಹಾಶಯನಂತೂ “೫೯೯, ದಯವಿಟ್ಟು ಇನ್ನೊಮ್ಮೆ ಕಳಿಸಿ, ಏನೂ ತಿಳಿಯಲಿಲ್ಲ” ಎಂಬರ್ಥದ ಸಂದೇಶ ಕಳಿಸಿದ. ನಾನು ನಕ್ಕುಬಿಟ್ಟೆ.

“ಇದು ಸುಳ್ಳಲ್ಲವೆ ರಾಯರೇ?”

“ನಿಮ್ಮ ತಾಯಿ ಕಾಗದ ಬರೆಯುತ್ತಿದ್ದಾಗ ಮೇಲುಗಡೆ ಏನು ಹಾಕುತ್ತಿದ್ದರು, ಮೇಷ್ಟ್ರೇ?”

ಉಭಯ ಕುಶಲೋಪರಿ ಸಾಂಪ್ರತ. ಅಮ್ಮ ತಪ್ಪದೆ ಹಾಕುತ್ತಿದ್ದಳು. ಕುಶಲವೆಂದು ಬರೆದ ನಾಲ್ಕನೆಯ ಸಾಲಿನಲ್ಲೇ ತಂಗಿಗೆ ಜ್ವರ, ಹಸು ಹಾಲು ಕೊಡುತ್ತಿಲ್ಲ, ಮಾಡು ಸೋರುತ್ತಿದೆ ಎಂಬ ವರದಿ ಇರುತ್ತಿತ್ತು. ಅವಳು ಸುಳ್ಳು ಬರೆದಳೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮೇಲಿನ ಸಾಲು ನಮಸ್ಕಾರ, ಕೆಳಗಿನದು ಸುದ್ದಿ. ಯಾರೂ ನಂಬಲೆಂದು ಹೇಳದ ಮಾತು, ಯಾರೂ ನಂಬದ ಮಾತು, ಸುಳ್ಳಾಗುವುದಾದರೂ ಹೇಗೆ? ೫೯೯ ಕೂಡ ಅಂಥ ಒಂದು ನಮಸ್ಕಾರ. ಅದರ ಹಿಂದೆ ಬರುವ ಕ್ರಮಸಂಖ್ಯೆಯೇ ಸುದ್ದಿ. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ನಮಸ್ಕಾರವಾಗಿಹೋದ ಮಾತು ಮತ್ತೆ ಸುದ್ದಿಯಾಗಲಾರದು. ನನ್ನ ಸಂಕೇತ ನಿಜವಾಗಿಯೂ ಒಡೆದು ಹೋಗುತ್ತಿದ್ದರೆ ಅದನ್ನು ನನಗೆ ತಿಳಿಸಲು ಆ ನಲವತ್ತೆಂಟು ಗಂಟೆಯಲ್ಲಿ ಭಾಷೆಯೇ ಇಲ್ಲವಾಯಿತಲ್ಲ! ಇದನ್ನು ಮನಗಂಡೋ ಏನೋ, ಕೆಲವು ಸ್ಪರ್ಧೆಗಳು ಈ ವರದಿಯನ್ನೇ ಕೈಬಿಟ್ಟಿವೆ. ಬ್ರಿಟನ್ನಿನ ಬಾರ್ಟ್‌ಗ್ ಸಂಘದ ಸ್ಪ್ರಿಂಟ್ ಸ್ಪರ್ಧೆಯಲ್ಲಿ ಬರಿಯ ಕ್ರಮಸಂಖ್ಯೆ. ಉತ್ತರ ಅಮೆರಿಕದ ಕ್ಯೂಎಸ್‌ಓ ಪಾರ್ಟಿಯಲ್ಲಿ ಹೆಸರು ಮತ್ತು ಊರಿನ ಪ್ರಾಂತ. ನನಗೆ ಅದು ಹೆಚ್ಚು ಹಿಡಿಸಿತು. ನಮಸ್ಕಾರ ಬೇಕಾದರೆ ಹೆಸರು ಹಿಡಿದು ಹೇಳುವುದೇ ಚಂದ.

ನೋಡುತ್ತಿರುವಂತೆ ತೆರೆಯ ಮೇಲೆ “ಟಿ ಓ ಓ” ಎಂಬ ಅಕ್ಷರಗಳು ಮೂಡಿದವು. ಇದಾವ ಹೊಸ ವರದಿ? ಐದು ಮಿಡಿತಗಳಿಂದ ಆಗುವುದು ಮೂವತ್ತೆರಡೇ ಚಿಹ್ನೆ. ಅಕ್ಷರಕ್ಕೂ ಅಂಕಿಗೂ ಅವು ಸಾಲವು. ಆದ್ದರಿಂದ ‘ಇನ್ನು ಮುಂದೆ ಅಂಕಿ’ ಎಂದು ಸೂಚಿಸುವ ಒಂದು ಚಿಹ್ನೆಯಿದೆ. ಗದ್ದಲದಲ್ಲಿ ಅದೊಂದು ಕಳೆದುಹೋದರೆ ಐದು ‘ಟಿ’ ಆಗುತ್ತದೆ, ಒಂಬತ್ತು ‘ಓ’ ಆಗುತ್ತದೆ. ರಾಯರು ಕಣ್ಣೆವೆ ಇಕ್ಕದೆ ೫೯೯ ಎಂದು ಬರೆದುಕೊಂಡರು. “ಇದು ಊಹೆಯಲ್ಲ, ಓದು. ಮಿಡಿತವೆಲ್ಲ ಸರಿಯಾಗಿ ಬಂದಿದೆ, ಯಂತ್ರ ತಪ್ಪು ಕನ್ನಡಕ ಹಾಕಿಕೊಂಡಿದೆ ಅಷ್ಟೆ” ಎಂದರು.

ಈ ಆಟಕ್ಕೆ ಒಂದು ಮರ್ಯಾದೆಯಿದೆ. ಅದನ್ನು ಎಲ್ಲ ಬಲ್ಲವರೂ ಪಾಲಿಸುತ್ತಾರೆಂದಲ್ಲ. ಕರೆಯುವ ಮೊದಲು ಕಿವಿಗೊಡಬೇಕು. ಕೇಳಿಸದಿದ್ದರೂ ‘ಇಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳಬೇಕು, ಏಕೆಂದರೆ ಕಿರುತರಂಗ ನಮ್ಮ ತಲೆಯ ಮೇಲೆ ಹಾರಿ ದೂರ ಹೋಗಿ ಇಳಿಯುತ್ತದೆ. ಇಬ್ಬರು ಮಾತಾಡುತ್ತಿದ್ದರೆ ಒಬ್ಬನ ದನಿಯಷ್ಟೇ ನಮಗೆ ಬಿದ್ದೀತು, ಒಮ್ಮೊಮ್ಮೆ ಅದೂ ಇಲ್ಲ. ಮಾತು ಚಿಕ್ಕದಾಗಿರಬೇಕು. ಟೆಲಿಟೈಪು ಉದ್ದಕ್ಕೂ ಪೂರ್ಣ ಶಕ್ತಿಯಲ್ಲಿ ಉರಿಯುವ ದೀಪ. ಆದ್ದರಿಂದ ಯಂತ್ರದ ಬಲವನ್ನು ತಗ್ಗಿಸಿಟ್ಟುಕೊಳ್ಳಬೇಕು, ಪಕ್ಕದವನ ಜಾಗಕ್ಕೆ ಚೆಲ್ಲಬಾರದು. ಇವೆಲ್ಲ ಒಳ್ಳೆಯ ನೆರೆಹೊರೆಯ ನಿಯಮಗಳು, ವಠಾರದಲ್ಲಿ ಬಾಳಿದವರಿಗೆ ಹೊಸತಲ್ಲ. ಒಂದು ಮಾತ್ರ ನನ್ನ ಮನಸ್ಸಿಗೆ ನಾಟಿತು. ಆಗಲೇ ಲಾಗಿನಲ್ಲಿರುವ ಕೇಂದ್ರ ಮತ್ತೆ ಕರೆದರೆ, ‘ನಿಮ್ಮದು ಆಗಿದೆ’ ಎಂದು ಅಟ್ಟುವುದಿಲ್ಲ. ಮರುಮಾತಿಲ್ಲದೆ ಇನ್ನೊಂದು ಸಂಖ್ಯೆ ಕೊಟ್ಟು ಕಳಿಸುತ್ತಾರೆ. ನನ್ನ ಲಾಗಿನಲ್ಲಿ ಆಗಿರಬಹುದು, ಅವನದರಲ್ಲಿ ಆಗಿಲ್ಲದೆಯೂ ಇರಬಹುದು. ಎರಡು ಸಲ ಬರೆದದ್ದಕ್ಕೆ ದಂಡವಿಲ್ಲ. ವಾದಿಸುವ ಹೊತ್ತಿನಲ್ಲಿ ಕೊಟ್ಟೇ ಮುಗಿಸಬಹುದು.

ಇನ್ನು ಯಾರೂ ಕಾಣದ ಜಾಗಗಳ ಮಾತು. ನೂರು ವಾಟ್ ಶಕ್ತಿಯ ವರ್ಗದಲ್ಲಿ ಹೆಸರು ಕೊಟ್ಟವನು ಗುಂಡಿ ತಿರುಗಿಸಿ ಮುನ್ನೂರಕ್ಕೆ ಏರಿಸಿದರೆ ಕೋಣೆಯೊಳಗೆ ನೋಡುವವರು ಯಾರು? ಆದರೆ ಅದು ನೇರ ಕಳ್ಳತನ. ಅದರಲ್ಲಿ ಚರ್ಚಿಸಲು ಏನೂ ಇಲ್ಲ. ಚರ್ಚೆ ಇರುವುದು ಯಂತ್ರದ ಸಹಾಯದಲ್ಲಿ. ಸೆಪ್ಟೆಂಬರಿನ ಕೊನೆಯಲ್ಲಿ ನಡೆಯುವ ಇನ್ನೊಂದು ದೊಡ್ಡ ಸ್ಪರ್ಧೆಯಲ್ಲಿ ಕ್ರಮಸಂಖ್ಯೆಯ ಬದಲು ವಲಯದ ಸಂಖ್ಯೆ ಕೊಡಬೇಕು. ಪ್ರಪಂಚವನ್ನು ನಲವತ್ತು ವಲಯ ಮಾಡಿದ್ದಾರೆ, ನಮ್ಮದು ಇಪ್ಪತ್ತೆರಡು. ಕಾಲ್‌ಸೈನ್ ‘ವಿ ಯು’ ಎಂದು ಮೊದಲಾದರೆ ಕಂಪ್ಯೂಟರು, ನೀವು ಕೇಳುವ ಮುಂಚೆಯೇ, ೨೨ ಎಂದು ತುಂಬಿಟ್ಟಿರುತ್ತದೆ. ಅರ್ಧ ಬಂದ ಕಾಲ್‌ಸೈನನ್ನು ಹಳೆಯ ಪಟ್ಟಿಯಿಂದ ಪೂರ್ತಿಮಾಡಿ ಸೂಚಿಸುವ ಏರ್ಪಾಡೂ ಇದೆ. ಹೀಗೆ ತುಂಬಿದ್ದು ಬಹುಪಾಲು ಸರಿಯಾಗಿಯೇ ಇರುತ್ತದೆ. ತಾಳೆ ನೋಡುವವರಿಗೆ ತಪ್ಪು ಸಿಕ್ಕುವುದಿಲ್ಲ. ಆದರೂ ಕೇಳಿದೆನೆಂದು ಸಹಿ ಹಾಕಿದವನು ಕೇಳಿಲ್ಲ. ಪಕ್ಕದವನ ಕಾಗದ ನೋಡಿ ಬರೆದ ಸರಿಯುತ್ತರಕ್ಕೆ ನಾನು ಎಷ್ಟು ಸಲ ಸೊನ್ನೆ ಹಾಕಿಲ್ಲ! ಅಲ್ಲಿ ಉತ್ತರ ಸುಳ್ಳಲ್ಲ, ಅದರ ಕೆಳಗಿನ ಹೆಸರು ಸುಳ್ಳು. ಇಷ್ಟರವರೆಗೆ ರಾಯರಿಗೂ ನನಗೂ ಒಂದೇ ಅಭಿಪ್ರಾಯ.

ಬೇರೆಯಾದದ್ದು ಆ ರಾತ್ರಿಯ ಎರಡು ಗಂಟೆಯಲ್ಲಿ. ಉರುಗ್ವೆಯ ಒಂದು ಕೇಂದ್ರ ಕ್ಷೀಣವಾಗಿ ಕೇಳಿಬಂತು. ಡಬ್ಲ್ಯು ಪಿ ಎಕ್ಸ್ ಸ್ಪರ್ಧೆಯಲ್ಲಿ ಕಾಲ್‌ಸೈನಿನ ಮೊದಲ ಭಾಗಕ್ಕೆ, ಪ್ರಿಫಿಕ್ಸಿಗೆ, ವಿಶೇಷ ಬೆಲೆ. ಎಷ್ಟು ಬಗೆಯ ಪ್ರಿಫಿಕ್ಸು ಸಿಕ್ಕಿತೋ ಅದರಿಂದ ಒಟ್ಟು ಅಂಕವನ್ನು ಗುಣಿಸುತ್ತಾರೆ. ಇದು ರಾಯರಿಗೆ ಹೊಸದು. ಹಲವು ಸಲ ಕರೆದ ಮೇಲೆ ಉತ್ತರ ಬಂತು. ಸಂಖ್ಯೆಯನ್ನು ಎರಡು ಸಲ ಕಳಿಸುವುದು ವಾಡಿಕೆ. ತೆರೆಯ ಮೇಲೆ ಬಿದ್ದದ್ದು: ೫೯೯ ೨೫೭ ೨೯೭. ಈ ಭಾಷೆಯಲ್ಲಿ ಐದಕ್ಕೂ ಒಂಬತ್ತಕ್ಕೂ ಒಂದೇ ಒಂದು ಮಿಡಿತದ ವ್ಯತ್ಯಾಸ. ರಾಯರು ತಮ್ಮ ಸಂಖ್ಯೆ ಕೊಟ್ಟು, ನಿಮ್ಮದನ್ನು ಇನ್ನೊಮ್ಮೆ ಕಳಿಸಿ ಎಂದರು. ಗದ್ದಲ. ಆ ಕಡೆಯವನು ಎಲ್ಲ ಮುಗಿಯಿತೆಂದು ತಿಳಿದು, ಇವರ ಕಾಲ್‌ಸೈನ್ ಹೇಳಿ ವಂದನೆ ಸಲ್ಲಿಸಿ, ಮುಂದಿನವರನ್ನು ಕರೆದುಬಿಟ್ಟ. ರಾಯರು ೨೫೭ ಎಂದು ಬರೆದು ಪಕ್ಕದ ಚೀಟಿಯಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು. ಐದಾರು ನಿಮಿಷದ ಮೇಲೆ ಅದೇ ಕೇಂದ್ರ ಮತ್ತಾರಿಗೋ ಸಂಖ್ಯೆ ಕೊಟ್ಟದ್ದು ಸ್ಫಟಿಕದಂತೆ ಬಿತ್ತು: ೨೬೨. ಮತ್ತೆ ಕರೆದರು, ಮತ್ತೆ ಮತ್ತೆ ಕರೆದರು. ದಾರಿ ಮುಚ್ಚಿಹೋಯಿತು.

ಸೋಮವಾರ ಬೆಳಗ್ಗೆ ಸ್ಪರ್ಧೆ ಮುಗಿದು ಲಾಗನ್ನು ಅಣಿಮಾಡುವಾಗ ರಾಯರು ಆ ಸಾಲಿನ ಮುಂದೆ ಕೈ ನಿಲ್ಲಿಸಿದರು.

“ಇದರಲ್ಲಿ ಸಂಶಯವೇನಿದೆ?” ಎಂದೆ. “ನಿಮ್ಮ ಆಮೇಲೆ ೨೬೨ ಕೊಟ್ಟವನು ನಿಮಗೆ ೨೯೭ ಕೊಟ್ಟಿರಲಾರ. ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆನ್ನುವುದನ್ನು ನಮ್ಮ ತಾರ್ಕಿಕರು ಪ್ರಮಾಣವೆಂದೇ ಒಪ್ಪಿದ್ದಾರೆ. ನಿಮ್ಮ ಕಿವಿಯಿಂದಲೇ ಕೇಳಿದ್ದು, ಸ್ಪರ್ಧೆಯ ಹೊತ್ತಿನೊಳಗೆ ಕೇಳಿದ್ದು. ಪಟ್ಟಿ ನೋಡಿ ಬರೆದದ್ದಲ್ಲ.”

“ಬೆಂಕಿ ಇರುವುದು ನಿಜ, ಮೇಷ್ಟ್ರೇ. ಆದರೆ ಲಾಗು ಕೇಳುವುದು ಬೆಂಕಿ ಇದೆಯೇ ಎಂದಲ್ಲ; ಅವನು ನಿನ್ನ ಕೈಗೆ ಕೆಂಡ ಕೊಟ್ಟನೇ ಎಂದು. ಅವನು ಬೇರೆಯವನಿಗೆ ಕೊಟ್ಟದ್ದರಿಂದ ನಾನು ಲೆಕ್ಕ ಹಾಕಿದೆ.”

“ಎರಡು ಸಲ ಕಳಿಸಿದ್ದರಲ್ಲಿ ಒಂದು ಸಲ ಸರಿಯಾಗಿಯೇ ಬಂದಿತ್ತಲ್ಲ!”

“ಬಂದಿತ್ತು. ಸರಿಯಾಗಿ ಬಂದದ್ದು ಯಾವುದೆಂದು ಆಗ ನನಗೆ ಗೊತ್ತಿರಲಿಲ್ಲ.”

ಈ ಮಾತಿಗೆ ನನ್ನಲ್ಲಿ ಉತ್ತರವಿದೆಯೆಂದು ನಾನು ಇಂದಿಗೂ ನಂಬಿದ್ದೇನೆ. ನ್ಯಾಯಾಲಯದ ಸಾಕ್ಷಿ ಕಂಡದ್ದನ್ನು ಮಾತ್ರ ಹೇಳಬೇಕು, ಸರಿ. ಆದರೆ ಅರ್ಧ ಕಂಡ ಮುಖವನ್ನು ಆಮೇಲೆ ಬೆಳಕಿನಲ್ಲಿ ನೋಡಿ ಗುರುತಿಸಿದರೆ ಅದು ಸಾಕ್ಷ್ಯವಲ್ಲವೆ? ರಾಯರದು ಮಡಿ ಸ್ವಲ್ಪ ಹೆಚ್ಚಾಯಿತು. ಆದರೆ ಒಬ್ಬನು ತನ್ನ ನಷ್ಟಕ್ಕಾಗಿಯೇ ಹಿಡಿದಿರುವ ಮಡಿಯ ಮುಂದೆ ವಾದಿಸುವುದು ಕಷ್ಟ.

ಅವರು ಆ ಸಾಲನ್ನು ಅಳಿಸಲು ಹೊರಟವರು ಅಳಿಸಲಿಲ್ಲ. “ಅಳಿಸಿದರೆ ಅವನು ಕೆಟ್ಟ” ಎಂದರು. ಉರುಗ್ವೆಯವನ ಲಾಗಿನಲ್ಲಿ ಇವರ ಹೆಸರಿದೆ. ಇವರದರಲ್ಲಿ ಅವನದಿಲ್ಲದಿದ್ದರೆ, ಆಗದ ಸಂಪರ್ಕವನ್ನು ಬರೆದನೆಂದು ಅವನ ಅಂಕ ಕಳೆಯುವುದಲ್ಲದೆ ಮೇಲೆ ದಂಡವನ್ನೂ ಹಾಕುತ್ತಾರೆ. ತನ್ನ ಪಾಲಿನದನ್ನೆಲ್ಲ ನೆಟ್ಟಗೆ ಮಾಡಿದವನು ಅವನು. “ನನ್ನ ಪ್ರಾಮಾಣಿಕತೆಗೆ ಅವನ ಕೈಯಿಂದ ದಂಡ ಕಟ್ಟಿಸಿದಂತಾಗುತ್ತದೆ.”

ಹಾಗಾದರೆ ಇಟ್ಟರೆ ಸುಳ್ಳು, ತೆಗೆದರೆ ಅನ್ಯಾಯ. ಇಂಥ ಇಕ್ಕಟ್ಟಿಗೆ ಶಾಸ್ತ್ರಗಳಲ್ಲಿ ಉದ್ದುದ್ದ ಚರ್ಚೆಯಿದೆ. ಲಾಗು ಕಳಿಸುವ ಕ್ರಮಕ್ಕೆ ಕ್ಯಾಬ್ರಿಲೊ ಎಂದು ಹೆಸರು; ಅದನ್ನು ರೂಪಿಸಿದವರು ಇದನ್ನು ಒಂದು ಅಕ್ಷರದಿಂದ ಪರಿಹರಿಸಿದ್ದಾರೆ. ಸಾಲಿನ ಮೊದಲಲ್ಲಿ ಒಂದು ‘ಎಕ್ಸ್’ ಹಾಕಿದರೆ, ಈ ಸಂಪರ್ಕ ನಡೆದದ್ದು ಹೌದು, ಅದರ ಅಂಕ ನನಗೆ ಬೇಡ ಎಂದರ್ಥ. ತಾಳೆ ನೋಡುವವರು ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತಾರೆ, ಇವರ ಲೆಕ್ಕದಲ್ಲಿ ಬಿಡುತ್ತಾರೆ. ಇಂಥ ಒಂದು ಅಕ್ಷರ ನಮ್ಮ ವ್ಯವಹಾರದ ಎಷ್ಟು ರಿಜಿಸ್ಟರುಗಳಲ್ಲಿದೆ ಎಂದು ನೆನೆಸಿಕೊಂಡೆ. ಒಂದೂ ನೆನಪಿಗೆ ಬರಲಿಲ್ಲ.

ರಾಯರು ಎಕ್ಸ್ ಹಾಕಿ, ಲಾಗನ್ನು ಕಳಿಸಿ, ಯಂತ್ರ ಆರಿಸಿ, ಸ್ನಾನಕ್ಕೆ ಎದ್ದರು. ಅವರ ಮನೆಯವರು ಇನ್ನೂ ಎದ್ದಿರಲಿಲ್ಲ. ನಾನು ಮೆಟ್ಟಿಲಿಳಿದು ಬೀದಿಗೆ ಬಂದೆ. ಹಾಲಿನ ಹುಡುಗ ಎದುರಾಗಿ, “ಕಾಫಿ ಆಯಿತೇ, ಮೇಷ್ಟ್ರೇ?” ಎಂದ.

“ಆಯಿತಪ್ಪ” ಎಂದೆ.