ಪೆಟ್ಟಿಗೆ ಹೇಳುತ್ತದೆ, ಕೌಂಟರ್ ಹೇಳುವುದಿಲ್ಲ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿ ಊರು. ಪಹಣಿ, ಆದಾಯ ಪ್ರಮಾಣಪತ್ರ ಎಂದು ಸುತ್ತಲಿನ ಹಳ್ಳಿಗಳ ಜನ ಇಂಥ ಊರಿನ ಕಚೇರಿಗೆ ಬರುತ್ತಾರೆ. ಕೂಲಿ ಬಿಟ್ಟು ಬಂದವರು ಕೆಲವೊಮ್ಮೆ ಕೇಳಿಸಿಕೊಳ್ಳುವ ಮಾತು, ‘ಸರ್ವರ್ ಡೌನ್ ಐತಿ, ನಾಳೆ ಬರ್ರಿ’. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯವರಿಗೂ ಈ ಮಾತು ಹೊಸದಲ್ಲ. ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಹೋಯಿತು, ಮತ್ತೆ ಬಸ್ ಚಾರ್ಜ್ ಬಿತ್ತು.

ನಿಜಕ್ಕೂ ಕೆಟ್ಟಿದ್ದು ಸರ್ವರೋ, ಕಡಿದಿದ್ದು ಕೇಬಲ್ಲೋ, ಹೋಗಿದ್ದು ಬರೀ ಕರೆಂಟೋ? ಸರತಿಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಆದರೆ ಯಂತ್ರಕ್ಕೆ ಗೊತ್ತಿರುತ್ತದೆ. ಪಂಚಾಯಿತಿಗಳನ್ನೇ ನೋಡಿ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆದಿದ್ದಾರೆ. ಪಂಚಾಯಿತಿಯ ಗೋಡೆಗಿರುವ ಪುಟ್ಟ ಪೆಟ್ಟಿಗೆ, ಕರೆಂಟ್ ಹೋಗಿ ಆರುವ ಗಳಿಗೆಯಲ್ಲಿ ಕೊನೆಯದೊಂದು ಸಂಕೇತ ಕಳಿಸಿಯೇ ಆರುತ್ತದೆ. ಜೆಸಿಬಿ ನೆಲ ಅಗೆದು ಫೈಬರ್ ತುಂಡಾದರೆ ಆ ಸಂಕೇತವೂ ಬರುವುದಿಲ್ಲ. ಇಷ್ಟರಿಂದಲೇ ದೂರದಲ್ಲಿ ಪರದೆ ನೋಡುತ್ತಾ ಕೂತ ಎಂಜಿನಿಯರ್, ಲೈನ್‌ಮನ್‌ನನ್ನು ಕಳಿಸಬೇಕೋ ಕರೆಂಟಿಗೆ ಕಾಯಬೇಕೋ ಎಂದು ತಿಳಿಯಬಲ್ಲ.

ಇಂಥ ಉಪಕರಣ, ಅದನ್ನು ಕಾಯುವ ತಂತ್ರಾಂಶ ಎರಡನ್ನೂ ಮಾಡುವ ಕಂಪನಿ ನಮ್ಮ ಬೆಂಗಳೂರಿನಲ್ಲೇ ಇದೆ. 2000ದಲ್ಲಿ ಹುಟ್ಟಿ, ಈಗ ಟಾಟಾ ಸಮೂಹಕ್ಕೆ ಸೇರಿರುವ ತೇಜಸ್ ನೆಟ್‌ವರ್ಕ್ಸ್, ಭಾರತ್‌ನೆಟ್‌ಗೂ ಉಪಕರಣ ಒದಗಿಸಿದೆ. ಅದಕ್ಕೂ ಮುಂಚೆ, 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗೆಂದೇ 128 ಪೋರ್ಟಿನ ದೂರವಾಣಿ ವಿನಿಮಯ ಯಂತ್ರ ರೂಪಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆಯೂ ಬಿಸಿಲು, ಧೂಳು ತಡೆದು ದುಡಿಯುವಂತೆ ಅದನ್ನು ಮಾಡಿದ್ದರು. ಹಳ್ಳಿಯ ಹವೆಯನ್ನು ಬಲ್ಲ ಯಂತ್ರ ಕಟ್ಟುವುದು ನಮಗೆ ಹೊಸ ವಿದ್ಯೆಯೇನಲ್ಲ.

ಕೊರತೆಯಿರುವುದು ಎಂಜಿನಿಯರನ ಪರದೆಗೂ ಕೌಂಟರ್‌ನ ಕಿಟಕಿಗೂ ನಡುವೆ. ಅಲ್ಲಿ ತಿಳಿದದ್ದು ಇಲ್ಲಿಗೆ ತಲುಪುವುದಿಲ್ಲ. ‘ಸರ್ವರ್ ಡೌನ್’ ಎಂದುಬಿಟ್ಟರೆ ಯಾರ ಹೊಣೆಯೂ ಉಳಿಯುವುದಿಲ್ಲ. ಬ್ಯಾಟರಿ ಬದಲಿಸದವರೂ ಕೇಬಲ್ ಕಡಿದವರೂ ಅದರ ಮರೆಯಲ್ಲಿ ಪಾರಾಗುತ್ತಾರೆ.

ಅರ್ಜಿ ಇಷ್ಟೇ ದಿನದಲ್ಲಿ ವಿಲೇವಾರಿ ಆಗಬೇಕೆಂದು 2011ರ ಸಕಾಲ ಕಾಯ್ದೆ ಹೇಳಿತು. ಅರ್ಜಿಗೊಂದು ನಂಬರನ್ನೂ ಕೊಟ್ಟಿತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಸಾಕು. ನೆಟ್ ನಿಂತಾಗ ಏನು ಕೆಟ್ಟಿದೆ, ಯಾರು ಸರಿಪಡಿಸುತ್ತಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಮೂರು ಸಾಲನ್ನು ಕಚೇರಿಯ ಬೋರ್ಡಿನಲ್ಲಿ ಬರೆಯಲಿ, ಫೋನಿಗೂ ಕಳಿಸಲಿ. ಮಾಹಿತಿ ಆಗಲೇ ಇದೆ, ಹೇಳುವ ಮನಸ್ಸು ಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ.