ಓದು ಋಣವೇ?

ಕಾಸರಗೋಡಿನ ನಮ್ಮ ಕನ್ನಡ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಮಕ್ಕಳು ಕನ್ನಡ ಪುಸ್ತಕ ಓದಬೇಕು, ಓದದಿದ್ದರೆ ಈ ನೆಲದಲ್ಲಿ ಕನ್ನಡ ಉಳಿಯದು ಎಂದು. ಮಾತಿನ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಉಳಿದರ್ಧವನ್ನು ಮಗುವಿನ ಕಿವಿಗೆ ಹಾಕುವುದು ನ್ಯಾಯವೇ ಎಂಬುದೇ ನನ್ನ ಪ್ರಶ್ನೆ.

ನಾನು ಬ್ಯಾಂಕಿನ ಗುಮಾಸ್ತ. ಸಾಲಪತ್ರಗಳ ನಡುವೆ ದಿನ ಕಳೆಯುವವನಿಗೆ ಒಂದು ನಿಯಮ ಬಾಯಿಪಾಠವಾಗಿರುತ್ತದೆ. 1872ರ ಭಾರತೀಯ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಲು ಅರ್ಹರಲ್ಲ. ಅಪ್ಪನ ಸಾಲಕ್ಕೆ ಐದನೆಯ ತರಗತಿಯ ಮಗನನ್ನು ಜಾಮೀನು ನಿಲ್ಲಿಸುವಂತಿಲ್ಲ. ಆದರೆ ಭಾಷೆಯ ವಿಚಾರದಲ್ಲಿ ನಾವು ಮಾಡುತ್ತಿರುವುದು ಅದನ್ನೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನ ನೋವು ಹಿರಿಯರದು. ಅದರ ಬಾಕಿಯನ್ನು ಕತೆಪುಸ್ತಕ ಹಿಡಿದ ಮಗುವಿನ ಖಾತೆಗೆ ಬರೆಯುವುದು ಸಲ್ಲದು. ಋಣ ತೀರಿಸಲೆಂದು ಓದುವ ಮಗು, ತೀರಿತೆಂದು ಅನಿಸಿದ ದಿನ ಪುಸ್ತಕ ಮುಚ್ಚಿಬಿಡುತ್ತದೆ.

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದೇ, ಕೈಯಲ್ಲಿ ಮೊಬೈಲಿರುವಾಗ ಯಾವ ಮಗು ತಾನಾಗಿ ಪುಸ್ತಕ ಹಿಡಿದೀತು ಎಂದು ನೀವು ಕೇಳಬಹುದು. ಆಕ್ಷೇಪ ಹಗುರವಲ್ಲ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ. ಪೇಟೆಯ ಮಾತು ಮಲಯಾಳ. ಪುಸ್ತಕದ ಕನ್ನಡ ಮಗುವಿನ ಕಿವಿಗೆ ತಾನಾಗಿ ಬೀಳುವಂಥದ್ದಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವಂತೆ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ. ಅದರ ಬಲದಿಂದ ಶಾಲೆಯನ್ನು ಕೇಳಬಹುದು. ಓದಿನ ಸುಖವನ್ನು ಮಾತ್ರ ಮನವಿಪತ್ರ ಕೊಟ್ಟು ಪಡೆಯಲಾಗದು. ಅದು ಮನೆಯೊಳಗೇ ಹುಟ್ಟಬೇಕು.

ಹಲಸಿನ ಹಣ್ಣಿನ ಗುಣಗಾನ ಮಾಡಿ ಯಾರೂ ಮಗುವಿಗೆ ಅದರ ರುಚಿ ಹತ್ತಿಸಿಲ್ಲ. ಹಿರಿಯರು ಕೈಗೆ ಎಣ್ಣೆ ಸವರಿ, ಮೇಣವನ್ನು ತಾವು ಮೆತ್ತಿಕೊಂಡು, ಸೊಳೆ ಬಿಡಿಸಿ ಕೊಡುತ್ತಾರೆ. ಮಗು ತಿಂದು ಮತ್ತೆ ಕೈಯೊಡ್ಡುತ್ತದೆ. ಪುಸ್ತಕಕ್ಕೂ ಮೇಣವಿದೆ: ಒತ್ತಕ್ಷರ, ಉದ್ದ ವಾಕ್ಯ, ಮನೆಯಲ್ಲಿ ಕೇಳದ ಪದ. ಗಟ್ಟಿಯಾಗಿ ಓದಿ ಹೇಳುವವರು ಆ ಮೇಣವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಮಗು ಅಕ್ಷರ ಕಲಿತ ಮೇಲೂ ಇದನ್ನು ನಿಲ್ಲಿಸಬೇಕಾಗಿಲ್ಲ. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಹಾಡು ಕತೆಗಳನ್ನು ಬರೆದರು. 'ಗುಡುಗುಡು ಗುಮ್ಮಟ ದೇವರು' ಕತೆಗೆ ನಕ್ಕ ಮಗು ಭಾಷೆಗೆ ಉಪಕಾರ ಮಾಡಲೆಂದು ನಗುವುದಿಲ್ಲ. ನಗು ಬಂದದ್ದರಿಂದ ನಗುತ್ತದೆ.

ಆದ್ದರಿಂದ ಕರ್ತವ್ಯವೆಂಬುದಿದ್ದರೆ ಅದು ನಮ್ಮ ಪಾಲಿನದು. ಪುಸ್ತಕ ಗಾಜಿನ ಕಪಾಟಿನಲ್ಲಿರದೆ ಮಗುವಿನ ಕೈಗೆಟಕುವಲ್ಲಿರಲಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಾವೇ ಓದುತ್ತ ಕೂರೋಣ. ಓದಿದ್ದರಿಂದ ಏನು ಕಲಿತೆ ಎಂದು ಕೇಳದಿರೋಣ. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡುವ ಸ್ವಾತಂತ್ರ್ಯ ನಮಗಿರುವಂತೆ ಅವರಿಗೂ ಇರಲಿ.

ಇನ್ನೊಂದು ಮಾತು ಹೇಳಲೇಬೇಕು, ಕಹಿಯಾದರೂ. ಸುಖವನ್ನು ಗಾಳದ ಎರೆಯಾಗಿಸಿ ಭಾಷೆಯನ್ನು ಉಳಿಸಹೊರಟರೆ ಅದೂ ಹಳೆಯ ಸಾಲವೇ, ಕಾಗದ ಮಾತ್ರ ಬೇರೆ. ಓದಿನ ರುಚಿ ಹತ್ತಿದ ಮಗು ನಾಳೆ ಮಲಯಾಳ ಕಾದಂಬರಿಯನ್ನೇ ಹೆಚ್ಚು ಪ್ರೀತಿಸಬಹುದು. ಆಗಲೂ ಸಂತೋಷಪಡಲು ನಮ್ಮಿಂದಾದೀತೇ? ಮಲಯಾಳದ 'ಬಾಲಮಂಗಳಂ'ನಲ್ಲಿ 1983ರಲ್ಲಿ ಹುಟ್ಟಿದ ಇಲಿ ಡಿಂಕನ್, ಕನ್ನಡದ 'ಬಾಲಮಂಗಳ'ದಲ್ಲಿ ಡಿಂಗನಾಗಿ ನಮ್ಮ ಮಕ್ಕಳನ್ನು ನಗಿಸಿದ. ಮಕ್ಕಳು ಆ ಇಲಿಯ ಜಾತಕ ಕೇಳಲಿಲ್ಲ. ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19 ಕೇರಳದಲ್ಲಿ ವಾಚನ ದಿನ. ಅದನ್ನು ಎರಡು ಲಿಪಿಗಳಲ್ಲಿ ಆಚರಿಸುವ ಭಾಗ್ಯ ನಮ್ಮ ಮಕ್ಕಳಿಗಿದೆ.

ಬೇಕೆನಿಸಿ ಓದುವವರು ಇರುವಷ್ಟು ಕಾಲ ಭಾಷೆ ಬಾಳುತ್ತದೆಂದು ನಾನು ನಂಬಿದ್ದೇನೆ. ಆ ನಂಬಿಕೆ ಸುಳ್ಳಾದರೆ ಅದರ ನಷ್ಟ ನನ್ನದು, ಮಗುವಿನದಲ್ಲ. ಜಾಮೀನಿಗೆ ಸಹಿ ಹಾಕಬೇಕಾದ ವಯಸ್ಸು ನಮ್ಮದೇ.