ತಡೆಹಿಡಿದ ವೇಗಗಳು: ಜೂಜು, ದೇಹ ಮತ್ತು ಹೊಣೆ

ಜೂಜನ್ನು ಕುರಿತು ಭಾರತದ ಧರ್ಮಚಿಂತನೆ ಮಾಡಿರುವ ವಿಚಾರ ಸಾಮಾನ್ಯವಾಗಿ ಸಂಪತ್ತು, ಸತ್ಯ ಮತ್ತು ಕುಲಗೌರವ ಎಂಬ ಮೂರು ನೆಲೆಗಳ ಸುತ್ತ ನಡೆದಿದೆ. ಆಡುವವನ ಶರೀರಕ್ಕೆ ಏನಾಗುತ್ತದೆ ಎಂಬುದು ಈ ವಿಚಾರದಲ್ಲಿ ಬಹುಮಟ್ಟಿಗೆ ಬದಿಗೆ ಉಳಿದಿದೆ. ಮನುಸ್ಮೃತಿ ದ್ಯೂತವನ್ನು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳ ಸಾಲಿಗೆ ಸೇರಿಸುತ್ತದೆ. ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿ ಕೇಳುವುದು ಒಡೆತನದ ಪ್ರಶ್ನೆಯನ್ನು. ತನ್ನನ್ನೇ ಸೋತವನಿಗೆ ಮತ್ತೊಬ್ಬರನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು ಎಂಬ ಆ ಪ್ರಶ್ನೆಗೆ ಸಭೆಯಲ್ಲಿದ್ದ ಹಿರಿಯರಿಂದ ಸರಿಯಾದ ಉತ್ತರ ಬರಲಿಲ್ಲ. ಬೌದ್ಧರ ದೀಘನಿಕಾಯದಲ್ಲಿರುವ ಸಿಗಾಲೋವಾದ ಸುತ್ತ ಜೂಜಿನ ಆರು ಕೇಡುಗಳನ್ನು ಎಣಿಸುತ್ತದೆ: ಗೆದ್ದವನ ಮೇಲೆ ದ್ವೇಷ, ಸೋತವನಿಗೆ ಶೋಕ, ಹಣದ ನಷ್ಟ, ಸಭೆಯಲ್ಲಿ ಮಾತಿಗೆ ಬೆಲೆ ಇಲ್ಲದಿರುವುದು, ಗೆಳೆಯರ ತಿರಸ್ಕಾರ, ಹೆಣ್ಣು ಕೊಡುವವರು ಇಲ್ಲದಿರುವುದು. ಅದೇ ಸುತ್ತ ಕುಡಿತದ ಕೇಡುಗಳಲ್ಲಿ ರೋಗವನ್ನು ಹೆಸರಿಸುತ್ತದೆ, ಜೂಜಿನ ಕೇಡುಗಳಲ್ಲಿ ಹೆಸರಿಸುವುದಿಲ್ಲ. ಕುಡುಕನ ದೇಹ ಕೆಡುವುದು ಎಲ್ಲರ ಕಣ್ಣಿಗೆ ಬೀಳುತ್ತದೆ, ಜೂಜುಕೋರನದು ಬೀಳುವುದಿಲ್ಲ ಎಂಬುದೇ ಇದಕ್ಕೆ ಕಾರಣವಿರಬಹುದು.

ಧರ್ಮಗ್ರಂಥಗಳು ಹೀಗೆ ದಾಟಿಹೋದ ಸಂಗತಿಯನ್ನು ಗಮನಿಸಿದವನು, ವಿಚಿತ್ರವೆಂದರೆ, ಜೂಜಿನ ಕಟ್ಟೆಗಳಿಂದ ರಾಜನಿಗೆ ಶೇಕಡಾ 5ರಷ್ಟು ಪಾಲು ಬರಬೇಕೆಂದು ವಿಧಿಸಿದ ಕೌಟಿಲ್ಯನೇ. ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ವ್ಯಸನಗಳ ತಾರತಮ್ಯವನ್ನು ಚರ್ಚಿಸುವಾಗ ಅವನು ದ್ಯೂತದ ದೋಷಗಳಲ್ಲಿ ಮಲಮೂತ್ರಗಳನ್ನು ತಡೆಹಿಡಿಯುವುದರಿಂದಲೂ ಹಸಿವನ್ನು ಸಹಿಸಿ ಕೂರುವುದರಿಂದಲೂ ಬರುವ ವ್ಯಾಧಿಯನ್ನು ಸ್ಪಷ್ಟವಾಗಿ ಸೇರಿಸುತ್ತಾನೆ. ಉಪದೇಶದ ಧಾಟಿಯಿಲ್ಲದ, ಆಟದ ಮನೆಯನ್ನು ಹತ್ತಿರದಿಂದ ನೋಡಿದವನ ಈ ಮಾತನ್ನು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದೊಡನೆ ಇಟ್ಟು ಓದಿದರೆ ಅದರ ಆಳ ತಿಳಿಯುತ್ತದೆ. ಆಯುರ್ವೇದದಲ್ಲಿ 'ವೇಗ' ಎಂದರೆ ದೇಹ ಅಥವಾ ಮನಸ್ಸಿನಲ್ಲಿ ತಾನಾಗಿ ಎದ್ದು ಹೊರಬರಲು ಒತ್ತುವ ಪ್ರೇರಣೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು ಮೊದಲಾದ ಹದಿಮೂರು ವೇಗಗಳನ್ನು ತಡೆಯಬಾರದು, ತಡೆದರೆ ರೋಗ ಹುಟ್ಟುತ್ತದೆ ಎನ್ನುವ ಚರಕ, ಅದೇ ಅಧ್ಯಾಯದಲ್ಲಿ ಲೋಭ, ಶೋಕ, ಭಯ, ಕ್ರೋಧಗಳಂಥ ಮನಸ್ಸಿನ ವೇಗಗಳನ್ನು ತಡೆಯಲೇಬೇಕು ಎನ್ನುತ್ತಾನೆ. ಜೂಜಿನಲ್ಲಿ ಕೂತವನು ಈ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿಬಿಡುತ್ತಾನೆ: ಬಿಡಬೇಕಾದ ಹಸಿವು ನಿದ್ರೆಗಳನ್ನು ಹಿಡಿದಿಡುತ್ತಾನೆ, ಹಿಡಿಯಬೇಕಾದ ಲೋಭ ಭಯಗಳನ್ನು ಬಿಟ್ಟುಕೊಡುತ್ತಾನೆ. ಜೂಜಿನಿಂದ ದೇಹಕ್ಕಾಗುವ ಹಾನಿಯನ್ನು ಇದಕ್ಕಿಂತ ಅಡಕವಾಗಿ ವಿವರಿಸಿದ ಸೂತ್ರ ಸಿಗುವುದು ಕಷ್ಟ.

ಈ ಸೂತ್ರವನ್ನು ಇಂದಿನ ನೆಲಕ್ಕೆ ತಂದು ನೋಡಲು ಬೀದರ್ ಜಿಲ್ಲೆ ತಕ್ಕ ಸ್ಥಳ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ ತಾಗಿಕೊಂಡಿರುವ ಈ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ, ಮತ್ತು ಮುಂಬಯಿಯಲ್ಲಿ ಹುಟ್ಟಿದ ಮಟ್ಕಾ ಎಂಬ ಅಂಕಿ ಜೂಜು ಈ ಯಾವ ಭಾಷೆಯಲ್ಲೂ ಅಪರಿಚಿತವಲ್ಲ. ನ್ಯೂಯಾರ್ಕ್‌ನ ಹತ್ತಿ ಪೇಟೆಯ ಆರಂಭ ಮತ್ತು ಮುಕ್ತಾಯದ ಧಾರಣೆಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಬಾಜಿ, ಆ ಧಾರಣೆ ಬರುವುದು ನಿಂತ ಬಳಿಕ 1960ರ ದಶಕದ ಆರಂಭದಲ್ಲಿ ವರ್ಲಿಯಲ್ಲಿ ಚೀಟಿ ಎತ್ತುವ ಆಟವಾಗಿ ಮಾರ್ಪಟ್ಟಿತು. ಹತ್ತಿ ಹೋದರೂ 'ಓಪನ್' ಮತ್ತು 'ಕ್ಲೋಸ್' ಎಂಬ ಹೆಸರುಗಳು ಉಳಿದವು, ಕರ್ನಾಟಕದ ಹಲವೆಡೆ ಈ ಆಟಕ್ಕೆ 'ಓಸಿ' ಎಂಬ ಹೆಸರು ಬಂದದ್ದೂ ಇದರಿಂದಲೇ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಇದು ಅಪರಾಧ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಪತ್ರಿಕಾ ಸುದ್ದಿಯಲ್ಲಿ ಮಟ್ಕಾ ಚೀಟಿ ಬರೆಯುವಾಗಲೋ ಅಂದರ್-ಬಾಹರ್ ಆಡುವಾಗಲೋ ಸಿಕ್ಕಿಬಿದ್ದವರ ಪ್ರಸ್ತಾಪ ಹೊಸದಲ್ಲ. ಅವರಿಂದ ವಶಪಡಿಸಿಕೊಂಡ ಹಣದ ಮೊತ್ತ ಆ ಸುದ್ದಿಯಲ್ಲಿರುತ್ತದೆ, ಅವರ ಆರೋಗ್ಯದ ವಿಷಯ ಇರುವುದಿಲ್ಲ.

ಆಟದ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ದೇಹದ ಮೇಲಿನ ಒತ್ತಡ ಆ ರಚನೆಯಲ್ಲಿಯೇ ಹುದುಗಿದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಮೂರನ್ನು ಎತ್ತಿ ಕೂಡಿದಾಗ ಬರುವ ಮೊತ್ತದ ಕೊನೆಯ ಅಂಕಿ ಓಪನ್; ಕೆಲವು ಗಂಟೆಗಳ ಬಳಿಕ ಅದೇ ರೀತಿ ತೆಗೆದದ್ದು ಕ್ಲೋಸ್; ಎರಡೂ ಸೇರಿದರೆ ಜೋಡಿ. ಒಂದೇ ಅಂಕಿಗೆ ಹಣ ಹಚ್ಚಿ ಗೆದ್ದವನಿಗೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತರಂತೆ ಸಿಗುತ್ತದೆ, ಆದರೆ ಗೆಲ್ಲುವ ಸಂಭವ ಹತ್ತರಲ್ಲಿ ಒಂದು. ಈ ಅಂತರದಲ್ಲಿ ಬುಕ್ಕಿಯ ಸಂಸಾರ ನಡೆಯುತ್ತದೆ. ಜೋಡಿಗೆ ಹಚ್ಚಿದವನ ಓಪನ್ ಸರಿಬಿದ್ದಿದೆ ಎಂದುಕೊಳ್ಳೋಣ. ಆಗ ಅವನು ಗೆದ್ದೂ ಇಲ್ಲ, ಸೋತೂ ಇಲ್ಲ. ಕ್ಲೋಸ್ ಬರುವ ತನಕ ಊಟದ ತಟ್ಟೆ ಮುಂದಿದ್ದರೂ ತುತ್ತು ಇಳಿಯುವುದಿಲ್ಲ, ಒಂದರ ಮೇಲೊಂದು ಚಹಾ, ಮೇಲೆ ಗುಟ್ಕಾ ಅಥವಾ ಬೀಡಿ, ಕೈ ಹತ್ತು ಸಲ ಮೊಬೈಲಿನತ್ತ. ಕ್ಲೋಸ್ ಒಂದು ಅಂಕಿಯಿಂದ ತಪ್ಪಿತೆಂದರೆ 'ಸ್ವಲ್ಪದರಲ್ಲಿ ಹೋಯಿತು' ಎಂಬ ಭಾವ ಬರುತ್ತದೆಯೇ ಹೊರತು ಸೋತೆನೆಂಬ ಭಾವ ಬರುವುದಿಲ್ಲ.

ಈ ಕಾಯುವಿಕೆಯ ಹೊತ್ತಿನಲ್ಲಿ ದೇಹದೊಳಗೆ ನಡೆಯುವುದನ್ನು ವೈದ್ಯಶಾಸ್ತ್ರ ಕಳೆದ ನೂರು ವರ್ಷಗಳಲ್ಲಿ ಸಾಕಷ್ಟು ಅರಿತಿದೆ. ಅಪಾಯ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಯ ಮೂಲಕ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಸ್ರವಿಸಿ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ, ನರಗಳ ಮೂಲಕ ಬಂದ ಪ್ರಚೋದನೆಯಿಂದ ಅಡ್ರಿನಲಿನ್ ಬಿಡುಗಡೆಯಾಗಿ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಹೆಚ್ಚಿಸುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹುಲಿ ಎದುರಾದವನಿಗೆ ಇದು ಪ್ರಾಣ ಉಳಿಸುವ ಏರ್ಪಾಡು. ಕುಳಿತಲ್ಲೇ ಅಂಕಿಗೆ ಕಾಯುವವನಿಗೆ ಓಡಲು ದಾರಿಯಿಲ್ಲ, ಹೋರಾಡಲು ಎದುರಾಳಿಯಿಲ್ಲ, ಆದ್ದರಿಂದ ಏರಿದ್ದು ಇಳಿಯುವುದು ತಡವಾಗುತ್ತದೆ. ಜರ್ಮನಿಯ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಸಿನೊದಲ್ಲಿ ಸ್ವಂತ ಹಣವಿಟ್ಟು ಇಸ್ಪೀಟಾಡಿದ ರೂಢಿಯ ಆಟಗಾರರ ಎದೆಬಡಿತ ಮತ್ತು ಜೊಲ್ಲಿನಲ್ಲಿನ ಕಾರ್ಟಿಸಾಲ್ ಏರಿದ್ದು ಕಂಡುಬಂದಿತು. ಅದೇ ಜನ ಪಣವಿಲ್ಲದೆ ಎಲೆಯಾಡಿದಾಗ ಆ ಏರಿಕೆ ಇರಲಿಲ್ಲ. ದೇಹವನ್ನು ಕದಡಿದ್ದು ಎಲೆಗಳಲ್ಲ, ಪಣ. 2009ರಲ್ಲಿ ಬ್ರಿಟನ್ನಿನ ಸಂಶೋಧಕರು ಗೆಲುವು ಕೂದಲೆಳೆಯಲ್ಲಿ ತಪ್ಪಿದಾಗಲೂ ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳೇ ಚುರುಕಾಗುತ್ತವೆ ಎಂದು ತೋರಿಸಿದರು. ಜೋಡಿಯಲ್ಲಿ ಓಪನ್ ಕೂಡಿ ಕ್ಲೋಸ್ ತಪ್ಪಿದವನು ಮರುದಿನ ಮತ್ತೆ ಚೀಟಿ ಬರೆಸುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರದ ಒಂದು ಭಾಗವಿದೆ.

ಒಂದು ಸಂಜೆಯ ಉದ್ವೇಗ ಆರೋಗ್ಯವಂತನನ್ನು ಕೊಲ್ಲುವುದಿಲ್ಲ. ಅದು ದಿನಚರಿಯಾಗಿ, ಜೊತೆಗೆ ಸಾಲವೂ ಸೇರಿದಾಗ ಕೆಡುಕು ಆರಂಭವಾಗುತ್ತದೆ: ನಿದ್ದೆ ಹರಿದುಹೋಗುತ್ತದೆ, ಬಿಪಿ ಇಳಿಯದೆ ನಿಲ್ಲುತ್ತದೆ, ಮಧುಮೇಹವಿದ್ದವರ ಸಕ್ಕರೆ ಹತೋಟಿ ತಪ್ಪುತ್ತದೆ, ಹೊಟ್ಟೆಯುರಿ, ತಲೆನೋವು ಬಿಡುವುದಿಲ್ಲ, ಮಾತ್ರೆಗೆ ಇಟ್ಟ ಹಣವೂ ಚೀಟಿಗೆ ಹೋದಾಗ ರೋಗ ಇಮ್ಮಡಿಸುತ್ತದೆ. ಆದರೂ ದವಾಖಾನೆಯಲ್ಲಿ ಹೇಳುವ ಮಾತು 'ಗ್ಯಾಸ್ ಆಗ್ಯಾದ' ಎಂಬುದಷ್ಟೇ ಆಗಿರುತ್ತದೆ. ಮಿಕ್ಕದ್ದನ್ನು ಹೇಳುವುದಿಲ್ಲ. ಸ್ವೀಡನ್ನಿನ ಆಸ್ಪತ್ರೆ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು ಜೂಜಿನ ಕಾಯಿಲೆಯೆಂದು ಗುರುತಿಸಲಾದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಮರಣದ ಪ್ರಮಾಣ ಸಾಮಾನ್ಯ ಜನರಿಗಿಂತ 1.8 ಪಟ್ಟು, ಆತ್ಮಹತ್ಯೆಯ ಪ್ರಮಾಣ ಸುಮಾರು 15 ಪಟ್ಟು ಇತ್ತೆಂದು ಹೇಳಿತು. ಅವರು ಆಸ್ಪತ್ರೆ ಮುಟ್ಟುವಷ್ಟು ತೀವ್ರವಾಗಿ ನರಳಿದವರು, ಆದ್ದರಿಂದ ಈ ಅಂಕಿಯನ್ನು ಎಲ್ಲ ಆಟಗಾರರಿಗೂ ಅನ್ವಯಿಸಲಾಗದು; ಆದರೂ ಜೂಜು ಹಣದ ವ್ಯವಹಾರ ಮಾತ್ರ ಎಂಬ ಮಾತನ್ನು ಅದು ಉಳಿಯಗೊಡುವುದಿಲ್ಲ.

ಇಲ್ಲಿ ತಾತ್ತ್ವಿಕ ಪ್ರಶ್ನೆ ಏಳುತ್ತದೆ: ಜೂಜಾಡುವವನು ಕರ್ತೃವೋ, ರೋಗಿಯೋ? ಕರ್ತೃವಾದರೆ ಅವನಿಗೆ ದೋಷ ತಟ್ಟುತ್ತದೆ. ರೋಗಿಯಾದರೆ ಚಿಕಿತ್ಸೆ ಸಲ್ಲಬೇಕು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಕಾಯಿಲೆಯನ್ನು ಮದ್ಯ ಮತ್ತು ಮಾದಕವಸ್ತುಗಳ ಚಟದೊಡನೆ ಒಂದೇ ವರ್ಗಕ್ಕೆ ಸೇರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವೂ ಹಾಗೆಯೇ ಮಾಡಿದೆ. ಕರ್ತೃತ್ವದ ನಂಬಿಕೆಯನ್ನು ಇನ್ನಷ್ಟು ಅಲುಗಿಸುವ ಸಂಗತಿ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಯಿಂದ ಬಂದಿದೆ: ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದಂತೆ ವರ್ತಿಸುವ ಕೆಲವು ಔಷಧಗಳನ್ನು ಸೇವಿಸಿದ ರೋಗಿಗಳಲ್ಲಿ ಕೆಲವರು, ಅಲ್ಲಿಯವರೆಗೆ ಜೂಜಿನ ಗೀಳಿಲ್ಲದಿದ್ದವರು, ಹಠಾತ್ತನೆ ಅದಕ್ಕೆ ಬಿದ್ದರು, ಮತ್ತು ಔಷಧ ಕಡಿಮೆ ಮಾಡಿದಾಗ ಅಥವಾ ನಿಲ್ಲಿಸಿದಾಗ ಅವರಲ್ಲಿ ಬಹುಮಂದಿ ಹಿಂದಿನಂತಾದರು. ಅವರ ಪಾಪ ಮಾತ್ರೆಯೊಳಗಿತ್ತೆಂದು ಹೇಳಬೇಕಾದೀತು.

ನಳೋಪಾಖ್ಯಾನ ಈ ಸಮಸ್ಯೆಯನ್ನು ತನ್ನ ಭಾಷೆಯಲ್ಲಿ ಎದುರಿಸಿದೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಆಪ್ತವಾದ ಈ ಕಥೆಯ ವ್ಯಾಸಭಾರತದ ರೂಪದಲ್ಲಿ, ಕಲಿ ಹನ್ನೆರಡು ವರ್ಷ ಕಾದು, ನಳನು ಒಂದು ದಿನ ಮೂತ್ರ ವಿಸರ್ಜಿಸಿ ಕಾಲು ತೊಳೆಯದೆ ಸಂಧ್ಯಾವಂದನೆಗೆ ನಿಂತಾಗ ಅವನ ಮೈಯೊಳಗೆ ಹೊಗುತ್ತಾನೆ. ನಳ ಜೂಜಿನಲ್ಲಿ ರಾಜ್ಯ ಸೋಲುತ್ತಾನೆ. ಮುಂದೆ ನಳನನ್ನು ಕಚ್ಚಿದ ಕಾರ್ಕೋಟಕ ಸರ್ಪದ ವಿಷದಿಂದ ಕಲಿ ಒಳಗೇ ಬೇಯುತ್ತಾನೆ. ಋತುಪರ್ಣನಿಂದ ನಳನು ಅಕ್ಷಹೃದಯವನ್ನು, ಅಂದರೆ ದಾಳದ ಲೆಕ್ಕದ ಮರ್ಮವನ್ನು, ಕಲಿತ ಕ್ಷಣ ಕಲಿ ಆ ವಿಷವನ್ನು ಕಾರುತ್ತ ಹೊರಬೀಳುತ್ತಾನೆ. ಒಳಹೊಕ್ಕವನು ಬೇರೆಯವನು, ಆದರೆ ಬಾಗಿಲು ತೆರೆದದ್ದು ನಳನ ಸಣ್ಣ ಅಲಕ್ಷ್ಯ. ಬಿಡುಗಡೆಯಾದದ್ದು ತಿಳಿವಳಿಕೆ ಬಂದು. (ಬಳಿಕ ನಳ ಮತ್ತೆ ಪಗಡೆಯಾಡಿಯೇ ರಾಜ್ಯ ಗೆಲ್ಲುತ್ತಾನೆ ಎಂಬುದನ್ನು ನೀತಿ ಹೇಳುವವರು ಬಿಟ್ಟುಬಿಡುವುದುಂಟು.) ಚರಕನ 'ಪ್ರಜ್ಞಾಪರಾಧ' ಎಂಬ ಪರಿಕಲ್ಪನೆ ಇದೇ ನಿಲುವನ್ನು ಶಾಸ್ತ್ರವಾಗಿಸುತ್ತದೆ. ಧೀ ಎಂದರೆ ವಿವೇಕ, ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ, ಸ್ಮೃತಿ ಎಂದರೆ ಕಂಡದ್ದರ ನೆನಪು. ಇವು ಜಾರಿದಾಗ ಮನುಷ್ಯ ಮಾಡುವ ಅಹಿತ ಕರ್ಮವೇ ಪ್ರಜ್ಞಾಪರಾಧ, ಅದೇ ರೋಗದ ಮೂಲಗಳಲ್ಲೊಂದು. ಅಪರಾಧವೂ ರೋಗವೂ ಒಂದೇ ಸರಪಳಿಯ ಎರಡು ಕೊಂಡಿಗಳಾಗಿರುವ ಈ ನೋಟದಲ್ಲಿ, ಹೊಣೆಯನ್ನು ಒಪ್ಪಿಕೊಳ್ಳುವುದಕ್ಕೂ ಔಷಧವನ್ನು ಕೇಳುವುದಕ್ಕೂ ವಿರೋಧವಿಲ್ಲ. ಪಾಪ ಅಥವಾ ರೋಗ ಎಂದು ಒಂದನ್ನೇ ಆರಿಸಿಕೊಳ್ಳಬೇಕೆಂಬ ಇಂದಿನ ವಾದಕ್ಕಿಂತ ಇದು ಹೆಚ್ಚು ಸತ್ಯಕ್ಕೆ ಹತ್ತಿರವಾದುದು.

ಬೀದರಿನ ಧರ್ಮಪರಂಪರೆಗಳಲ್ಲಿ ಜೂಜಿನ ನಿಷೇಧಕ್ಕೆ ಕೊರತೆಯಿಲ್ಲ. ಕುರ್‌ಆನಿನ ಎರಡನೆಯ ಅಧ್ಯಾಯ ಮದ್ಯ ಮತ್ತು ಜೂಜುಗಳಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡೇ ಕೇಡು ಅದಕ್ಕಿಂತ ದೊಡ್ಡದೆನ್ನುತ್ತದೆ. ಐದನೆಯ ಅಧ್ಯಾಯ ಅವು ಹಗೆತನ ಬಿತ್ತಿ ನಮಾಜಿನಿಂದ ದೂರ ಮಾಡುತ್ತವೆಯೆಂದು ಪೂರ್ತಿ ನಿಷೇಧಿಸುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಶರಣರು ಕಟ್ಟಿದ ಕಾಯಕ ತತ್ತ್ವ ದುಡಿಯದೆ ಬಂದ ಗಳಿಕೆಯನ್ನೇ ಶಂಕಿಸಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿಸಲು ಹೇಳಿದ ಪ್ರಸಂಗ ಭಾಲ್ಕಿಯ ಹಿರೇಮಠದಂಥ ಪರಂಪರೆಗಳಿಗೆ ಇಂದಿಗೂ ನಿತ್ಯದ ಪಾಠ. ಆದರೆ ಔರಾದಿನ ಒಣಬೇಸಾಯದ ರೈತ ಕೇಳಬಹುದು: ಮಳೆಯನ್ನು ನಂಬಿ ತೊಗರಿ, ಸೋಯಾ ಬಿತ್ತುವುದೂ ಜೂಜಲ್ಲವೇ? ಅಲ್ಲ. ಬಿತ್ತನೆಯಲ್ಲಿ ಅನಿಶ್ಚಿತತೆ ದುಡಿಮೆಗೆ ಬಂದು ಸೇರುತ್ತದೆ, ಮಟ್ಕಾದಲ್ಲಿ ಅನಿಶ್ಚಿತತೆಯೇ ಸರಕು. ಕಳೆ ತೆಗೆಯುವ ದೇಹ ದಣಿದು ಮಲಗುತ್ತದೆ, ಅಂಕಿ ಕಾಯುವ ದೇಹ ದಣಿಯದೆ ಸವೆಯುತ್ತದೆ. ಋಗ್ವೇದದ ಅಕ್ಷಸೂಕ್ತವೂ ಜೂಜುಕೋರನಿಗೆ ಕೊನೆಗೆ ಹೇಳುವುದು ಹೊಲ ಉಳು ಎಂದೇ.

ಇಷ್ಟಾದರೂ ನಿಷೇಧ ಮಾತ್ರದಿಂದ ದೇಹಕ್ಕೆ ಒಳಿತಾಗುತ್ತದೆಯೇ ಎಂಬುದು ಅನುಮಾನ. ನಿಂದೆ ಹೆಚ್ಚಿದಷ್ಟೂ ಜೂಜುಕೋರ ಗುಟ್ಟು ಬಿಗಿಯಾಗಿ ಕಾಯುತ್ತಾನೆ. ಹೆಂಡತಿಯ ಬಂಗಾರ ಅಡವಿಟ್ಟದ್ದನ್ನು ಮನೆಯಲ್ಲಿಯೂ ನಿದ್ದೆಗೆಟ್ಟ ಕಾರಣವನ್ನು ವೈದ್ಯರಲ್ಲಿಯೂ ಬಚ್ಚಿಡುತ್ತಾನೆ. ಗುಟ್ಟಿನೊಡನೆ ಕಣ್ಣೀರನ್ನೂ ತಡೆಹಿಡಿಯುತ್ತಾನೆ. ಚರಕನ ಹದಿಮೂರು ವೇಗಗಳಲ್ಲಿ ಕಣ್ಣೀರೂ ಒಂದು, ಅದನ್ನು ತಡೆದರೆ ಹೃದ್ರೋಗವೆಂದು ಅವನ ಎಚ್ಚರಿಕೆ. ಈ ದೃಷ್ಟಿಯಿಂದ, 1975ರಿಂದ ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಇಳಕಲ್ಲಿನ ಮಹಾಂತ ಶಿವಯೋಗಿಗಳ 'ಮಹಾಂತ ಜೋಳಿಗೆ' ಗಮನಾರ್ಹವಾದುದು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕೇಳುವವರು ಇದ್ದರೆ ಒಪ್ಪಿಕೊಳ್ಳುವವರು ಇರುತ್ತಾರೆ ಎಂಬುದು ಅದರ ತಿರುಳು.

ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅದರಿಂದ ಆ್ಯಪ್ ಮುಚ್ಚಬಹುದು, ಕೆಟ್ಟ ನಿದ್ದೆ ಮರಳಲಾರದು. ಆ ಕೆಲಸಕ್ಕೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಬೀದರಿನ ಬ್ರಿಮ್ಸ್ ಆಸ್ಪತ್ರೆಯೂ ಇದೆ. ಭಾಲ್ಕಿ, ಔರಾದ್, ಬೀದರಿನ ಮಠ, ಮಸೀದಿ, ಗುರುದ್ವಾರ, ವಿಹಾರಗಳ ಹಿರಿಯರು ಪ್ರವಚನದಲ್ಲಿ ಜೂಜನ್ನು ಖಂಡಿಸುವ ದಿನ ಈ ಸಂಖ್ಯೆಯನ್ನೂ ಓದಿ ಹೇಳಲಿ, ಮತ್ತು ಎದುರು ಬಂದು ಕೂತವನನ್ನು ಎಷ್ಟು ಸೋತೆ ಎಂದು ಕೇಳುವ ಮೊದಲು ಊಟ, ನಿದ್ದೆ ಹೇಗಿವೆ ಎಂದು ಕೇಳಲಿ.